ಮಲೆನಾಡಿನ ಗಾಳಿಗೆ ಹಗುರ ವಿಂಡ್‌ಚೀಟರ್: ಆರಿಸುವುದು, ತೊಡುವುದು, ಬಾಳಿಸುವುದು

ಶಿವಮೊಗ್ಗದ ಅಂಗಡಿಗಳಲ್ಲಿ ಜರ್ಕಿನ್ ಕೊಳ್ಳಲು ಬಂದವರು ಮೊದಲು ಕೇಳುವುದು ‘ಮಳೆಗೆ ತಡೆಯುತ್ತಾ?’ ಎಂದು. ಬೈಕಿನಲ್ಲಿ ಕೂತು ಹೋಗುವವರಿಗೆ ಆ ಪ್ರಶ್ನೆ ಸರಿ. ಓಡುವವರು, ಸೈಕಲ್ ತುಳಿಯುವವರು, ಗುಡ್ಡ ಹತ್ತುವವರು ಮೊದಲು ಕೇಳಬೇಕಾದ್ದು ‘ಬೆವರನ್ನು ಹೊರಗೆ ಬಿಡುತ್ತಾ?’ ಎಂದು. ದಪ್ಪ ರೈನ್‌ಕೋಟ್ ತೊಟ್ಟು ಕೊಡಚಾದ್ರಿ ಹತ್ತಿದವರ ಅಂಗಿ ಹಿಂಡಿದರೆ ನೀರು ಬರುತ್ತದೆ. ಅದರಲ್ಲಿ ಮಳೆಯ ನೀರು ಕಡಿಮೆ, ಬೆವರೇ ಹೆಚ್ಚು. ತುದಿಯಲ್ಲಿ ಗಾಳಿಗೆ ನಿಂತಾಗ ನಡುಕ ಹುಟ್ಟಿಸುವುದೂ ಅದೇ ಬೆವರು.

ವಿಂಡ್‌ಚೀಟರ್ ಎಂದರೆ ಒಳಪದರವಿಲ್ಲದ, ಒಂದೇ ಪದರ ಬಟ್ಟೆಯ, 70ರಿಂದ 150 ಗ್ರಾಂ ತೂಗುವ, ಮಡಚಿದರೆ ದೊಡ್ಡ ಕಿತ್ತಳೆಯಷ್ಟಾಗುವ ಜಾಕೆಟ್. ಅದರ ಮುಖ್ಯ ಕೆಲಸ ಗಾಳಿ ತಡೆಯುವುದು. ಜಿಟಿಜಿಟಿ ಹನಿಗೆ ಹತ್ತಿಪ್ಪತ್ತು ನಿಮಿಷ ತಡೆದರೆ ಅದು ಲಾಭ. ಆರಿದ್ರಾ, ಪುನರ್ವಸು ಮಳೆಗೆ ಇದನ್ನು ನಂಬಿ ಹೊರಡಬಾರದು, ಹೊಲಿಗೆಗೆ ಟೇಪ್ ಹಾಕಿದ ಮಳೆ ಜಾಕೆಟ್ಟೇ ಬೇಕು.

ಚಳಿ ಎಲ್ಲಿಂದ ಬರುತ್ತದೆ

ನಮ್ಮ ಮೈ ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದನ್ನು ಕಟ್ಟಿಕೊಂಡಿರುತ್ತದೆ. ಬೀಸುಗಾಳಿ ಅದನ್ನು ಕಿತ್ತೊಯ್ಯುತ್ತದೆ, ಮೈ ಮತ್ತೆ ಶಾಖ ಕೊಟ್ಟು ಹೊಸದನ್ನು ಕಟ್ಟಬೇಕಾಗುತ್ತದೆ. ಮೈ ಒದ್ದೆಯಾಗಿದ್ದರೆ ನಷ್ಟ ಇನ್ನೂ ಹೆಚ್ಚು: ಒಂದು ಗ್ರಾಂ ಬೆವರು ಆರಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು, ಅದು ಹೋಗುವುದು ಹೆಚ್ಚಾಗಿ ಚರ್ಮದಿಂದಲೇ. ಹಾಗಾಗಿ ಥರ್ಮಾಮೀಟರ್ 16 ಡಿಗ್ರಿ ತೋರಿಸುವಾಗಲೂ ಬೆವೆತವನಿಗೆ ಹಲ್ಲು ಕಡಿಯುವಷ್ಟು ಚಳಿಯಾಗಬಹುದು.

ಇದಕ್ಕೆ ಎತ್ತರವನ್ನೂ ಸೇರಿಸಿ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 1,343 ಮೀಟರಿನ ಕೊಡಚಾದ್ರಿಗೆ ಸುಮಾರು 600 ಮೀಟರಿನಿಂದ ಹೊರಟವರಿಗೆ ತುದಿಯಲ್ಲಿ ನಾಲ್ಕೈದು ಡಿಗ್ರಿ ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಚಿಕ್ಕಮಗಳೂರು ಪೇಟೆಗಿಂತ ಐದು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಮಳೆಗಾಲದಲ್ಲಿ ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಬೆಟ್ಟದ ಏಣಿನ ಮೇಲೆ ರಭಸ ಪಡೆಯುತ್ತದೆ. ಚಳಿಗಾಲಕ್ಕೆ ಮೂಡಗಾಳಿ ಇದೆ, ಒಣಗಾಳಿಯಾದ್ದರಿಂದ ಅದು ಬೆವರನ್ನು ಬೇಗ ಆರಿಸಿ ಬೇಗ ಚಳಿ ಹುಟ್ಟಿಸುತ್ತದೆ.

ಒಂದು ಅಂಕಿ ಅರ್ಥವಾದರೆ ಸಾಕು

ಬಟ್ಟೆ ಎಷ್ಟು ಗಾಳಿ ಬಿಡುತ್ತದೆ ಎಂಬುದನ್ನು ‘ಸಿಎಫ್‌ಎಂ’ ಎಂಬ ಅಳತೆಯಲ್ಲಿ ಹೇಳುತ್ತಾರೆ: ಒಂದು ಚದರ ಅಡಿ ಬಟ್ಟೆಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ತೂರುತ್ತದೆ ಎಂಬುದು. ಸೊನ್ನೆಯಿಂದ 5ರವರೆಗೆ ಇದ್ದರೆ ಗಾಳಿ ಬಹುಮಟ್ಟಿಗೆ ತೂರುವುದೇ ಇಲ್ಲ. 10ರಿಂದ 40ರವರೆಗೆ ಇದ್ದರೆ ಸ್ವಲ್ಪ ತೂರುತ್ತದೆ. 60 ದಾಟಿದರೆ ಅದು ಮಾಮೂಲಿ ಅಂಗಿ ಬಟ್ಟೆಯ ಕಡೆಗೆ ಸರಿಯುತ್ತದೆ.

ಸೊನ್ನೆ ಇದ್ದಷ್ಟೂ ಒಳ್ಳೆಯದು ಎಂದು ಬಹಳ ಮಂದಿ ಎಣಿಸುತ್ತಾರೆ, ಅಲ್ಲೇ ಆಯ್ಕೆ ತಪ್ಪುವುದು. ಈ ಅಳತೆ ತೆಗೆಯುವಾಗ ಬಟ್ಟೆಯ ಮೇಲೆ ಹಾಕುವ ಒತ್ತಡ ಸುಮಾರು 125 ಪಾಸ್ಕಲ್. ಅಷ್ಟು ಒತ್ತಡ ಬರಬೇಕಾದರೆ ಗಾಳಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಎದೆಗೆ ಬಡಿಯಬೇಕು. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಾಳಿಯಿಲ್ಲದ ಬೆಳಗ್ಗೆ ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುವವರ ಎದೆಗೆ ಬೀಳುವುದು ಆ ಪರೀಕ್ಷಾ ಒತ್ತಡದ ಇಪ್ಪತ್ತೈದನೇ ಒಂದು ಪಾಲು ಮಾತ್ರ. ಅಷ್ಟಕ್ಕೆ 30–40 ಸಿಎಫ್‌ಎಂ ಬಟ್ಟೆ ಧಾರಾಳ ಸಾಕು, ಬೆವರಿನ ಆವಿಗೂ ದಾರಿ ಇರುತ್ತದೆ. ಅದೇ ಘಾಟಿಯಲ್ಲಿ 40 ಕಿ.ಮೀ. ವೇಗದಲ್ಲಿ ಸೈಕಲ್ ಇಳಿಸುವವರಿಗೆ ಪರೀಕ್ಷಾ ಒತ್ತಡದ ಅರ್ಧಕ್ಕಿಂತ ಹೆಚ್ಚು ಬೀಳುತ್ತದೆ. ಅವರಿಗೆ 10ರ ಒಳಗಿನ ಬಟ್ಟೆ ಬೇಕು. ಬೆಟ್ಟದ ಏಣಿನ ಮೇಲೆ 30 ಕಿ.ಮೀ. ಗಾಳಿಯಲ್ಲಿ ನಡೆಯುವವರು ಇವೆರಡರ ನಡುವೆ ಬರುತ್ತಾರೆ, 15ರಿಂದ 30 ಸರಿಹೋಗುತ್ತದೆ.

ಮಲೆನಾಡಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಪೂರ್ತಿ ಗಾಳಿ ತಡೆಯುವ, ಒಳಗೆ ಮೆಂಬ್ರೇನ್ ಎಂಬ ತೆಳು ಪೊರೆ ಇರುವ ಬಟ್ಟೆಗಳು ಬೆವರಿನ ಆವಿಯನ್ನು ಹೊರದೂಡಲು ಒಳಗಿನ ಮತ್ತು ಹೊರಗಿನ ತೇವದ ವ್ಯತ್ಯಾಸವನ್ನೇ ನೆಚ್ಚಿಕೊಂಡಿವೆ. ಹೊರಗಿನ ಗಾಳಿಯೇ ನೀರು ಕುಡಿದಂತಿರುವ ಜುಲೈನ ಆಗುಂಬೆಯಲ್ಲಿ ಆ ವ್ಯತ್ಯಾಸ ಬಹಳ ಕಡಿಮೆ. ಒಣ ಚಳಿಯ ನಾಡಿನಲ್ಲಿ ಚೆನ್ನಾಗಿ ಕೆಲಸ ಮಾಡುವ ದುಬಾರಿ ಜಾಕೆಟ್ ಇಲ್ಲಿ ಪ್ಲಾಸ್ಟಿಕ್ ಚೀಲದಂತಾಗುವುದು ಇದಕ್ಕೇ. ನೇಯ್ಗೆಯ ಸಂದಿನಲ್ಲಿ ಗಾಳಿ ನಿಜಕ್ಕೂ ಹಾಯುವ ಬಟ್ಟೆಯೇ ನಮ್ಮ ಹವೆಗೆ ಹೊಂದುತ್ತದೆ. ಹಳಬರ ಕಂಬಳಿ ಕೊಪ್ಪೆ ಅಷ್ಟು ದಿನ ಬಾಳಿದ್ದಕ್ಕೂ ಇದೇ ಒಂದು ಕಾರಣ: ಗಾಳಿ ಮಳೆ ಮೇಲಿಂದ ತಡೆದು, ಕೆಳಗೆ ಪೂರ್ತಿ ತೆರೆದಿರುತ್ತಿತ್ತು.

ಬಟ್ಟೆ, ಲೇಪ, ತೂಕ

ಚೀಟಿಯ ಮೇಲೆ ‘10ಡಿ’, ‘20ಡಿ’ ಎಂದಿದ್ದರೆ ಅದು ಡೆನಿಯರ್, ನೂಲಿನ ಸಣ್ಣತನದ ಲೆಕ್ಕ. 9,000 ಮೀಟರ್ ನೂಲು 10 ಗ್ರಾಂ ತೂಗಿದರೆ ಅದು 10 ಡೆನಿಯರ್. ಪೇಟೆಯ ರಸ್ತೆ, ನಾಲೆ ಏರಿ, ಕ್ರೀಡಾಂಗಣದ ಓಟಕ್ಕೆ 7–10 ಡೆನಿಯರ್ ಸಾಲುತ್ತದೆ. ಕಾಡುದಾರಿಗೆ ಅಷ್ಟು ತೆಳು ಬಟ್ಟೆ ಬೇಡ. ಸೀಗೆ ಮುಳ್ಳು, ಲಂಟಾನ, ಬಿದಿರಿನ ಗೀರಿಗೆ ಅದು ಒಂದೇ ದಿನದಲ್ಲಿ ಹರಿಯುತ್ತದೆ. ಅಲ್ಲಿಗೆ 20 ಡೆನಿಯರ್ ರಿಪ್‌ಸ್ಟಾಪ್ ಇರಲಿ. ರಿಪ್‌ಸ್ಟಾಪ್ ಎಂದರೆ ಕೆಲವು ಮಿ.ಮೀ.ಗೊಮ್ಮೆ ಗಟ್ಟಿ ಎಳೆ ಸೇರಿಸಿ ಚೌಕಚೌಕವಾಗಿ ನೇಯ್ದ ಬಟ್ಟೆ. ಹರಿದರೂ ಹರಕು ಆ ಎಳೆಗೆ ಬಂದು ನಿಲ್ಲುತ್ತದೆ.

ತೂಕದ ಲೆಕ್ಕ ನೀವೇ ಹಾಕಬಹುದು. ಒಂದು ಜಾಕೆಟ್‌ಗೆ ಸುಮಾರು 1.8 ಚದರ ಮೀಟರ್ ಬಟ್ಟೆ ಹಿಡಿಯುತ್ತದೆ. ಚದರ ಮೀಟರಿಗೆ 35 ಗ್ರಾಂ ತೂಗುವ ಬಟ್ಟೆಯಾದರೆ 63 ಗ್ರಾಂ. ಜಿಪ್, ಎಲಾಸ್ಟಿಕ್, ದಾರ ಸೇರಿ ನೂರರ ಆಸುಪಾಸು. ‘ಹಗುರ’ ಎಂದು ಬರೆದ ಜಾಕೆಟ್ 250 ಗ್ರಾಂ ತೂಗಿದರೆ ಒಳಗೆ ಲೇಪವೋ ಜಾಲರಿ ಅಸ್ತರೋ ಇದೆ ಎಂದು ತಿಳಿಯಿರಿ. ಜಾಲರಿ ಅಸ್ತರು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಇಲ್ಲಿನ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ಒಳಬದಿಯ ಲೇಪವನ್ನು ವಿಶೇಷವಾಗಿ ಗಮನಿಸಿ. ಅಗ್ಗದ ಜಾಕೆಟ್‌ಗಳಲ್ಲಿ ಒಳಗಡೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಸವರಿರುತ್ತಾರೆ. ತೇವಕ್ಕೆ ಈ ಲೇಪ ನಿಧಾನವಾಗಿ ಕೊಳೆಯುತ್ತದೆ: ಮೊದಲು ಅಂಟಂಟು, ಆಮೇಲೆ ಹುಳಿ ವಾಸನೆ, ಕೊನೆಗೆ ಸಿಪ್ಪೆಯ ಹಾಗೆ ಸುಲಿಯುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೂ ತೇವ ನಿಲ್ಲುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ಲೇಪವಿಲ್ಲದೆ, ಬಿಸಿ ಉರುಳೆಗಳ ನಡುವೆ ಒತ್ತಿ ನೇಯ್ಗೆ ಬಿಗಿಮಾಡಿದ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಇಲ್ಲಿಗೆ ಹೆಚ್ಚು ಬಾಳಿಕೆಯದು. ಹೊರಬದಿಯಲ್ಲಿ ನೀರು ಹನಿಯಾಗಿ ಜಾರುವಂತೆ ಮಾಡುವ ತೆಳು ರಾಸಾಯನಿಕ ಲೇಪ ಇರುತ್ತದೆ. ಅದು ಬೇರೆ, ಅದು ಬೇಕು, ಸವೆದರೆ ಮತ್ತೆ ಹಚ್ಚಬಹುದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ನಮ್ಮಲ್ಲಿ ಮಾರುವ ಬಹುಪಾಲು ಜಾಕೆಟ್‌ಗಳ ಮೇಲೆ ಸಿಎಫ್‌ಎಂ ಅಂಕಿ ಇರುವುದಿಲ್ಲ. ಬಾಯಿ, ಕೈ, ಕಣ್ಣುಗಳಿಂದಲೇ ಅಳೆಯಬೇಕು.

1. ಬಟ್ಟೆಯ ಒಂದೇ ಪದರವನ್ನು ತುಟಿಗೆ ಬಿಗಿಯಾಗಿ ಹಿಡಿದು ಊದಿ, ಆಚೆ ಬದಿಗೆ ಅಂಗೈ ಹಿಡಿಯಿರಿ. ಕೆನ್ನೆ ಉಬ್ಬಿ ಏನೂ ದಾಟದಿದ್ದರೆ ಅದು ಸೈಕಲ್ ಇಳಿಜಾರಿಗೆ. ಬಲವಾಗಿ ಊದಿದಾಗ ಅಂಗೈಗೆ ತೆಳುವಾಗಿ ಗಾಳಿ ತಾಗಿದರೆ ಓಟಕ್ಕೂ ನಡಿಗೆಗೂ ಸರಿ. ಸಲೀಸಾಗಿ ದಾಟಿದರೆ ಬಿಟ್ಟುಬಿಡಿ.

2. ತೋಳನ್ನು ಬೆಳಕಿಗೆ ಹಿಡಿಯಿರಿ. ಹೊಲಿಗೆಯ ಉದ್ದಕ್ಕೂ ದೊಡ್ಡ ದೊಡ್ಡ ಸೂಜಿ ತೂತು ಕಂಡರೆ, ಅಥವಾ ಹೊಲಿಗೆಯನ್ನು ಎರಡೂ ಕಡೆ ಎಳೆದಾಗ ಎಳೆಗಳು ಸರಿದರೆ, ಕಂಕುಳಲ್ಲಿ ಮೊದಲು ಬಿಡುತ್ತದೆ.

3. ನಾಲ್ಕು ಹನಿ ನೀರು ಹಾಕಿ. ಒಂದು ನಿಮಿಷವಾದರೂ ಮಣಿಯಂತೆ ನಿಲ್ಲಬೇಕು. ಹರಡಿ ಬಟ್ಟೆ ಕಪ್ಪಾದರೆ ಹೊರಲೇಪ ಹೆಸರಿಗಷ್ಟೇ.

4. ಜಿಪ್ಪನ್ನು ಒಂದೇ ಕೈಯಲ್ಲಿ ಹತ್ತು ಸಲ ಎಳೆಯಿರಿ. ಹಿಂದಿರುವ ತೆಳು ಪಟ್ಟಿ ಹಲ್ಲಿಗೆ ಸಿಕ್ಕಿಕೊಂಡರೆ ಓಡುವಾಗ ಖಂಡಿತ ಸಿಕ್ಕಿಕೊಳ್ಳುತ್ತದೆ. ಗದ್ದದ ಬಳಿ ಜಿಪ್ ತುದಿ ಅಡಗುವ ಚಿಕ್ಕ ಬಟ್ಟೆ ಗೂಡು ಇರಬೇಕು, ಇಲ್ಲದಿದ್ದರೆ ಚರ್ಮ ಕೆರೆಯುತ್ತದೆ.

5. ನಿಮ್ಮ ಕ್ರೀಡೆಯ ಭಂಗಿಯಲ್ಲಿ ನಿಲ್ಲಿ. ಸೈಕಲಿಗರು ಮುಂದೆ ಬಾಗಿ ಕೈ ಚಾಚಬೇಕು: ಬೆನ್ನಿನ ಅಂಚು ಸೊಂಟ ಮುಚ್ಚಿರಬೇಕು, ಮುಂಗೈ ಬಯಲಾಗಬಾರದು, ಹೊಟ್ಟೆಯ ಮುಂದೆ ಬಟ್ಟೆ ಜೋಲಬಾರದು. ಓಡುವವರು ನಿಂತಲ್ಲೇ ಕೈ ಬೀಸಿ ಕುಪ್ಪಳಿಸಿ, ಅಂಚು ಮೇಲೇರುತ್ತದೆಯೇ ನೋಡಿ.

ಅಳತೆಯ ಲೆಕ್ಕ ಹೀಗಿರಲಿ: ಎದೆ ಸುತ್ತಳತೆಗಿಂತ ಸೈಕಲ್‌ಗೆ 5 ಸೆಂ.ಮೀ., ಓಟಕ್ಕೆ 8–10 ಸೆಂ.ಮೀ., ಒಳಗೆ ಸ್ವೆಟರ್ ಹಾಕುವ ನಡಿಗೆಗೆ 12–15 ಸೆಂ.ಮೀ. ಹೆಚ್ಚು. ಸಡಿಲವಾದಷ್ಟೂ ಹಿತ ಎನ್ನುವುದು ಅಂಗಡಿಯ ಕನ್ನಡಿಯ ಮುಂದೆ ಮಾತ್ರ. ಗಾಳಿಗೆ ಪಟಪಟ ಬಡಿಯುವ ಬಟ್ಟೆ ತಿದಿಯಂತೆ ಕೆಲಸ ಮಾಡಿ ಒಳಗಿನ ಬೆಚ್ಚನೆಯ ಗಾಳಿಯನ್ನು ಕೊರಳಿಂದ ಹೊರಕ್ಕೆ ತಳ್ಳುತ್ತದೆ. ತೋಳು ಮತ್ತು ಸೊಂಟದ ಎಲಾಸ್ಟಿಕ್ ಸಡಿಲವಾಗಿದ್ದರೆ ದರ್ಜಿಗೆ ಕೊಟ್ಟು ಬಿಗಿ ಮಾಡಿಸಿ, ಅರ್ಧ ಗಂಟೆಯ ಕೆಲಸ.

ಬಣ್ಣದ ಬಗ್ಗೆ ನಮ್ಮದು ಖಚಿತ ಮಾತು: ಕಪ್ಪು, ಕಡುಹಸಿರು ಬೇಡ. ಮಂಜು ಕವಿದ ತಿರುವಿನಲ್ಲಿ ಬಸ್ಸಿನ ಚಾಲಕನಿಗೆ ನೀವು ಕಾಣಬೇಕು. ಹಗಲಿಗೆ ಮಿಂಚು ಹಳದಿ ಅಥವಾ ಕಿತ್ತಳೆ. ಕತ್ತಲಲ್ಲಿ ಆ ಮಿಂಚು ಬಣ್ಣಕ್ಕೆ ಬಲವಿಲ್ಲ, ಹೆಡ್‌ಲೈಟ್ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಪ್ರತಿಫಲನ ಪಟ್ಟಿ ಬೇಕು. ಬೆನ್ನಿಗಿಂತ ತೋಳಿನ ಪಟ್ಟಿ ಚೆನ್ನಾಗಿ ಗಮನ ಸೆಳೆಯುತ್ತದೆ, ಅದು ಅಲುಗಾಡುತ್ತದೆ.

ಓಟಕ್ಕೆ

ಒಳಗೆ ಹತ್ತಿ ಬನಿಯನ್ ಹಾಕಬೇಡಿ. ಹತ್ತಿ ಬೆವರನ್ನು ಹೀರಿ ಮೈಗೇ ಒತ್ತಿಕೊಂಡಿರುತ್ತದೆ, ಮೇಲೆ ಎಂಥ ಜಾಕೆಟ್ ಇದ್ದರೂ ಉಪಯೋಗವಿಲ್ಲ. ತೆಳು ಪಾಲಿಯೆಸ್ಟರ್ ಟೀ ಶರ್ಟ್ ಸಾಕು. ಮನೆಯಿಂದ ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು. ಹಿತವಾಗಿದ್ದರೆ ಹತ್ತು ನಿಮಿಷದಲ್ಲಿ ಸೆಕೆಯಾಗುತ್ತದೆ. ಮೊದಲ ಕಿ.ಮೀ. ಜಿಪ್ ಪೂರ್ತಿ ಹಾಕಿ, ಎರಡನೆಯದಕ್ಕೆ ಎದೆಯವರೆಗೆ ಇಳಿಸಿ, ಬೆನ್ನಲ್ಲಿ ಬೆವರು ಇಳಿಯುವ ಮುನ್ನ ಬಿಚ್ಚಿ ಅದರದೇ ಜೇಬಿಗೆ ತುರುಕಿ. ಗಾಳಿಗೆ ಎದುರಾಗಿ ಹೋಗಿ, ಗಾಳಿ ಬೆನ್ನಿಗಿರುವಂತೆ ಮರಳಿ ಬನ್ನಿ. ಬೆವೆತ ಮೈಗೆ ಎದುರುಗಾಳಿ ಬೀಳುವುದು ಇದರಿಂದ ತಪ್ಪುತ್ತದೆ. ತುಂಗಾ ನಾಲೆಯ ಏರಿಯಂಥ ಬಯಲು ದಾರಿಯಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು.

ಸೈಕಲ್‌ಗೆ

ಇಲ್ಲಿ ಎಲ್ಲವೂ ಹೊತ್ತಿನ ಮೇಲೆ ನಿಂತಿದೆ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತುವಾಗ ವೇಗ ಗಂಟೆಗೆ 8–10 ಕಿ.ಮೀ., ಬೆವರು ಧಾರಾಕಾರ, ಜಾಕೆಟ್ ಬೆನ್ನಿನ ಜೇಬಿನಲ್ಲೇ ಇರಲಿ. ತುದಿ ತಲುಪಿದ ಎರಡು ನಿಮಿಷದೊಳಗೆ, ಮೈ ಇನ್ನೂ ಬಿಸಿಯಿರುವಾಗಲೇ ತೊಡಿ. ಚಹಾ ಕುಡಿದು, ಫೋಟೊ ತೆಗೆದು, ಚಳಿ ಹಿಡಿದ ಮೇಲೆ ತೊಟ್ಟರೆ ಅದು ಚಳಿಯನ್ನೇ ಒಳಗೆ ಮುಚ್ಚಿದಂತೆ. ವಿಂಡ್‌ಚೀಟರ್ ಶಾಖ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ ಅಷ್ಟೆ.

ಇಳಿಯುವಾಗ ಜಿಪ್ ಗದ್ದದವರೆಗೆ ಏರಿಸಿ. ಆಗುಂಬೆಯಿಂದ ಕರಾವಳಿ ಕಡೆಗೆ ಇಳಿದಂತೆ ಹವೆ ಬೆಚ್ಚಗಾಗುತ್ತದೆ. ಅರ್ಧ ತಿರುವುಗಳಾದ ಮೇಲೆ ನಿಂತು ಜಿಪ್ ಸಡಿಲಿಸಿ. ಇಳಿಜಾರಿನಲ್ಲಿ ಒಂದು ಕೈ ಬಿಟ್ಟು ಜಿಪ್ ಎಳೆಯಬೇಡಿ, ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಎರಡೂ ಕೈ ಬೇಕು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವ ಏರಿಳಿತದ ದಾರಿಗೆ ತೋಳಿಲ್ಲದ ವಿಂಡ್ ವೆಸ್ಟ್ ಇನ್ನೂ ಉತ್ತಮ. ಎದೆಗೆ ಗಾಳಿ ತಡೆಯುತ್ತದೆ, ಕಂಕುಳಿಂದ ಆವಿ ಹೋಗುತ್ತದೆ, ಪ್ರತಿ ಏರಿಗೂ ಬಿಚ್ಚುವ ತಾಪತ್ರಯವಿಲ್ಲ.

ಜಾಕೆಟ್ ಮರೆತು ಬಂದಿದ್ದರೆ ಹೋಟೆಲಿನಲ್ಲಿ ನಿನ್ನೆಯ ದಿನಪತ್ರಿಕೆ ಕೇಳಿ. ನಾಲ್ಕು ಹಾಳೆ ಮಡಚಿ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಿ. ಯುರೋಪಿನ ಪರ್ವತ ರೇಸುಗಳಲ್ಲಿ ಸೈಕಲಿಗರು ದಶಕಗಳಿಂದ ಮಾಡಿಕೊಂಡು ಬಂದ ಉಪಾಯವಿದು, ಅರ್ಧ ಗಂಟೆಯ ಇಳಿಜಾರಿಗೆ ಚೆನ್ನಾಗಿ ಸಾಲುತ್ತದೆ.

ನಡಿಗೆಗೆ

ಕುಂದಾದ್ರಿ, ಕವಲೇದುರ್ಗದಂಥ ಚಿಕ್ಕ ಹತ್ತುವಿಕೆಗೆ ಜಾಕೆಟ್ ಚೀಲದ ಮೇಲ್ಜೇಬಿನಲ್ಲಿರಲಿ, ತಳದಲ್ಲಿ ಇಟ್ಟರೆ ಬೇಕಾದಾಗ ತೆಗೆಯಲು ಬೇಸರವಾಗಿ ಚಳಿಯಲ್ಲೇ ನಿಲ್ಲುತ್ತೀರಿ. ಕಾಡಿನೊಳಗೆ ಗಾಳಿ ಇಲ್ಲ, ಅಲ್ಲಿ ತೊಡುವುದು ವ್ಯರ್ಥ. ಮರಗಳು ಮುಗಿದು ಹುಲ್ಲುಬೋಳು ಶುರುವಾಗುವ ಕೊನೆಯ ಮರದಡಿ ನಿಂತು ತೊಡಿ. ಟೋಪಿ ಇರುವ ಜಾಕೆಟ್ ನಡೆಯುವವರಿಗೆ ಬೇಕೇ ಬೇಕು. ಕಿವಿ, ಕತ್ತು ಮುಚ್ಚಿದರೆ ಒಂದು ಸ್ವೆಟರ್ ಉಳಿಯುತ್ತದೆ. ಬೆನ್ನುಚೀಲದ ಪಟ್ಟಿ ಉಜ್ಜುವ ಹೆಗಲಿನಲ್ಲಿ ಹೊರಲೇಪ ಮೊದಲು ಸವೆದು ಅಲ್ಲಿಂದಲೇ ನೀರು ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆ ಆ ಭಾಗಕ್ಕೆ ಹನಿ ಪರೀಕ್ಷೆ ಮಾಡಿ.

ಉಣುಗಿನ ಕಾಲ

ಚಳಿಗಾಲ, ಬೇಸಿಗೆಯಲ್ಲಿ ಕಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ತಿಳಿ ಬಣ್ಣದ ಜಾಕೆಟ್ ಮೇಲೆ ಉಣುಗು ಹರಿಯುವುದು ಕಣ್ಣಿಗೆ ಬೀಳುತ್ತದೆ, ನಯವಾದ ನೈಲಾನ್‌ನಿಂದ ಕೊಡವಿ ಬೀಳಿಸುವುದೂ ಸುಲಭ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಚರ್ಮಕ್ಕೆ ಹಚ್ಚಿ, ಪೂರ್ತಿ ಹೀರಿದ ಮೇಲೆ ಜಾಕೆಟ್ ತೊಡಿ. ಎಣ್ಣೆ ತಾಗಿದ ಕಡೆ ನೀರು ಜಾರುವ ಗುಣ ಕೆಡುತ್ತದೆ. ಹಾಗೆಂದು ಜಾಕೆಟ್ ಕೆಡುತ್ತದೆಂದು ಎಣ್ಣೆ ಬಿಡಬೇಡಿ, ಜಾಕೆಟ್ ತೊಳೆಯಬಹುದು. ಮನೆಗೆ ಬಂದೊಡನೆ ಜಾಕೆಟ್ ಹೊರಗೇ ಕೊಡವಿ, ಟೋಪಿ ಮತ್ತು ತೋಳಿನ ಮಡಿಕೆಗಳನ್ನು ಬಿಡಿಸಿ ನೋಡಿ.

ತೊಳೆಯುವುದು, ಒಣಗಿಸುವುದು

ಬೆವರಿನ ಉಪ್ಪು, ಮೈಯ ಜಿಡ್ಡು ನೇಯ್ಗೆಯ ಸಂದು ಮುಚ್ಚುತ್ತವೆ. ‘ಹೊಸದರಲ್ಲಿ ಚೆನ್ನಾಗಿತ್ತು, ಈಗ ಸೆಕೆ’ ಎಂಬ ದೂರಿಗೆ ಬಹಳ ಸಲ ಕಾರಣ ಕೊಳೆಯೇ. ಹತ್ತು ಸಲ ತೊಟ್ಟ ಮೇಲೆ ತೊಳೆಯಿರಿ.

ಜಿಪ್ ಹಾಕಿ, ಒಳಹೊರಗು ಮಾಡಿ, ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ, 30 ಡಿಗ್ರಿ ಮೀರದಂತೆ, ಒಂದು ಚಮಚ ಸೌಮ್ಯ ದ್ರವ ಸೋಪು ಹಾಕಿ 15 ನಿಮಿಷ ನೆನೆಸಿ. ಕೈಯಿಂದ ಅದುಮಿ ತೊಳೆಯಿರಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ, ಹಿಂಡಬೇಡಿ. ಸೋಪು ಉಳಿದರೆ ಅದೇ ನೀರನ್ನು ಎಳೆಯುವುದರಿಂದ ಮೂರು ನೀರಿನಲ್ಲಿ ಜಾಲಿಸಿ. ಬಟ್ಟೆ ಮೃದುವಾಗಿಸುವ, ಪರಿಮಳ ಕೊಡುವ ದ್ರವ ಮಾತ್ರ ಹತ್ತಿರ ತರಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಪದರ ಕಟ್ಟಿ ಹೊರಲೇಪವನ್ನು ನಿಷ್ಪ್ರಯೋಜಕ ಮಾಡುತ್ತದೆ.

ಒಣಗಿಸುವಾಗ ಮಲೆನಾಡಿನ ಮನೆಗಳಲ್ಲಿ ಆಗುವ ದೊಡ್ಡ ತಪ್ಪು ಬಚ್ಚಲೊಲೆಯ ಮೇಲೆ ನೇತುಹಾಕುವುದು. ಒಂದು ಕಿಡಿ ಸಾಕು, 10 ಡೆನಿಯರ್ ನೈಲಾನ್‌ನಲ್ಲಿ ಬಟಾಣಿ ಗಾತ್ರದ ತೂತು. ಹೊಗೆಯ ಜಿಡ್ಡು ಬೇರೆ. ಫ್ಯಾನಿನ ಕೆಳಗೆ ಹ್ಯಾಂಗರಿಗೆ ಹಾಕಿದರೆ ಮಳೆಗಾಲದಲ್ಲೂ ಎರಡು ಮೂರು ಗಂಟೆಯಲ್ಲಿ ಒಣಗುತ್ತದೆ.

ಒಣಗಿದ ಮೇಲೂ ನೀರು ಹನಿಗಟ್ಟದಿದ್ದರೆ, ಒಳಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದೆಯೇ ನೋಡಿ. ಇದ್ದರೆ ಒಂದು ಚುಕ್ಕೆಯ ಕನಿಷ್ಠ ಬಿಸಿಯಲ್ಲಿ, ಆವಿ ಬಿಡದೆ, ನಡುವೆ ತೆಳು ಹತ್ತಿ ಬಟ್ಟೆ ಇಟ್ಟು, ಒಂದೊಂದು ಕಡೆ ಐದಾರು ಸೆಕೆಂಡ್ ಒತ್ತಿ. ಬಿಸಿಗೆ ಹಳೆಯ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಅದೂ ಫಲಿಸದಿದ್ದರೆ ಸ್ಪ್ರೇ ರೂಪದ ನೀರುತಡೆ ದ್ರವ ತನ್ನಿ. ತೊಳೆದು ಇನ್ನೂ ಹಸಿಯಿರುವ ಜಾಕೆಟ್ ಮೇಲೆ 15 ಸೆಂ.ಮೀ. ದೂರದಿಂದ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ಹೆಚ್ಚಾದುದನ್ನು ಒರೆಸಿ. ಹೊರಬದಿಗೆ ಮಾತ್ರ, ಹೆಗಲು, ಟೋಪಿ, ತೋಳಿಗೆ ಹೆಚ್ಚು.

ಒದ್ದೆ ಜಾಕೆಟ್ಟನ್ನು ಅದರ ಜೇಬಿನೊಳಗೇ ತುರುಕಿ ಎರಡು ದಿನ ಮರೆತರೆ ಬೂಷ್ಟು ಹಿಡಿಯುತ್ತದೆ, ಆ ಕಪ್ಪು ಚುಕ್ಕೆ ಹೋಗುವುದಿಲ್ಲ. ಮಳೆಗಾಲದ ಮಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲಿ, ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಸಡಿಲವಾಗಿ ಮಡಚಿಡಿ.

ಹರಿದರೆ

10 ಡೆನಿಯರ್ ಬಟ್ಟೆಗೆ ಸೂಜಿ ದಾರ ಹಾಕಬೇಡಿ, ಪ್ರತಿ ತೂತೂ ಹೊಸ ಹರಕಿನ ಮೊದಲು. ಅಂಟುಬೆನ್ನಿನ ನೈಲಾನ್ ತೇಪೆ ತನ್ನಿ. ಹರಿದ ಜಾಗವನ್ನು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಅಂಚುಗಳನ್ನು ಎಳೆಯದೆ ಒಂದಕ್ಕೊಂದು ತಾಗಿಸಿ. ಹರಕಿನ ಸುತ್ತ ಒಂದೂವರೆ ಸೆಂ.ಮೀ. ಹೆಚ್ಚು ಬರುವಂತೆ ತೇಪೆ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ. ಚೂಪು ಮೂಲೆ ಚೀಲದ ಪಟ್ಟಿಗೆ ಸಿಕ್ಕಿ ಏಳುತ್ತದೆ. ನಡುವಿನಿಂದ ಹೊರಕ್ಕೆ ಒತ್ತಿ, ಗುಳ್ಳೆ ಉಳಿಯದಂತೆ ಚಮಚದ ಬೆನ್ನಿನಿಂದ ತೀಡಿ. ಎರಡು ಸೆಂ.ಮೀ.ಗಿಂತ ದೊಡ್ಡ ಹರಕಿಗೆ ಒಳಬದಿಗೂ ಒಂದು ತೇಪೆ ಹಾಕಿ, ದಪ್ಪ ಪುಸ್ತಕದ ಕೆಳಗೆ ಒಂದು ಇಡೀ ದಿನ ಇಟ್ಟು ಆಮೇಲೆ ತೊಡಿ. ಒಳಲೇಪ ಸುಲಿಯಲು ಶುರುವಾದ ಜಾಕೆಟ್‌ಗೆ ಮಾತ್ರ ಮದ್ದಿಲ್ಲ. ಅದರ ಜಿಪ್, ಎಲಾಸ್ಟಿಕ್ ಬಿಚ್ಚಿಟ್ಟುಕೊಳ್ಳಿ, ಲೇಪ ಹೋಗದ ತೋಳಿನ ಬಟ್ಟೆ ಮುಂದಿನ ಜಾಕೆಟ್ಟಿನ ತೇಪೆಗೆ ಆಗುತ್ತದೆ.